ಓನೋರಿನಾ ಬೆಸೆದ ಫ್ರೇಮುಗಳು

ಅಸ್ಸೊ ಊರಿನ ಚೌಕದಲ್ಲಿ ನನ್ನ ಕಾಫಿ ಅಂಗಡಿ, ಎದುರಿಗೆ ತುಲ್ಲಿಯೊ ತಾಸ್ಸಿಯ ಸೈಕಲ್ ಕಾರ್ಖಾನೆ. ಕಾರ್ಖಾನೆ ಎಂದರೆ ಹೊಗೆ ಹಿಡಿದ ಒಂದೇ ಕೋಣೆ. ಗೀಸಾಲ್ಲೊ ಬೆಟ್ಟ ಹತ್ತುವ ಸವಾರರೆಲ್ಲ ಅದರ ಮುಂದೆಯೇ ಹೋಗಬೇಕು. ಆಗಿನ ಇಬ್ಬರು ದೊಡ್ಡ ರೇಸ್ ಸವಾರರಲ್ಲಿ ನನ್ನ ಗಿರಾಕಿಗಳ ಅರ್ಧ ಜನ ಕೋಪ್ಪಿ ಕಡೆ, ಅರ್ಧ ಜನ ಬಾರ್ತಾಲಿ ಕಡೆ. ಆದರೆ ರೇಸಿನ ಫ್ರೇಮ್ ಬೇಕಾದರೆ ತುಲ್ಲಿಯೊನ ಹತ್ತಿರವೇ ಹೋಗಬೇಕು ಅನ್ನುವುದರಲ್ಲಿ ಯಾರಿಗೂ ಜಗಳವಿರಲಿಲ್ಲ.

೧೯೫೧ರ ಚಳಿಗಾಲದಲ್ಲಿ ತುಲ್ಲಿಯೊ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಹೆಂಡತಿ ಓನೋರಿನಾಳಿಗೆ ಆಗ ನಲವತ್ತೊಂದು ವರ್ಷ. ಮಣ್ಣು ಮಾಡಿ ಬಂದ ನಾಲ್ಕನೇ ದಿನ ಅವಳು ಗಂಡನ ಚರ್ಮದ ಏಪ್ರನ್ ಕಟ್ಟಿಕೊಂಡು ಗ್ಯಾಸ್ ಉರಿ ಹೊತ್ತಿಸಿದಳು. ವಾರ ಕಳೆಯುವಷ್ಟರಲ್ಲಿ ಫ್ರೇಮಿಗೆ ಹೇಳಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಬೇಡವೆಂದು ಹೋದರು.

ಊರಿನ ಸೈಕಲ್ ಸಂಘದ ಅಧ್ಯಕ್ಷ ಗಾಲ್ಬುಸೇರಾ ನನ್ನ ಅಂಗಡಿಯಲ್ಲೇ ನಿಂತು ಎಲ್ಲರಿಗೂ ಕೇಳಿಸುವಂತೆ ಹೇಳಿದ: "ಹೆಂಗಸು ಬೆಸೆದ ಸೈಕಲ್ ಮೇಲೆ ಇಳಿಜಾರಲ್ಲಿ ಬಿಡೋದಾ? ನನ್ನ ಹುಡುಗರ ಕತ್ತು ನನಗೆ ಮುಖ್ಯ ಕಣ್ರಪ್ಪಾ."

ಬಾಗಿಲಲ್ಲಿ ಓನೋರಿನಾ ನಿಂತಿದ್ದಳು. ಸಕ್ಕರೆ ಕೇಳಲು ಬಂದಿದ್ದಳು.

"ಅಧ್ಯಕ್ಷರೇ, ಐದು ವರ್ಷದಿಂದ ನಿಮ್ಮ ಹುಡುಗರು ಹೆಂಗಸು ಬೆಸೆದದ್ದರ ಮೇಲೇ ಇಳೀತಿದ್ದಾರೆ. ತುಲ್ಲಿಯೊಗೆ ಯುದ್ಧ ಮುಗಿಯೋ ಹೊತ್ತಿಗೇ ಕಣ್ಣು ಮಂಜಾಗಿತ್ತು. ಅಳತೆ ಅವನದು, ಬೆಸುಗೆ ನಂದು."

"ಸತ್ತವನ ಹೆಸರಲ್ಲಿ ಸುಳ್ಳು ಹೇಳಬೇಡ."

"ಸುಳ್ಳೋ ನಿಜವೋ ಭಾನುವಾರ ಪೂಜೆ ಮುಗಿಸ್ಕೊಂಡು ಚೌಕಕ್ಕೆ ಬನ್ನಿ. ಮಿಲಾನಿನಿಂದ ತರಿಸ್ಕೊಂಡಿದ್ದೀರಲ್ಲ, ನಿಮ್ಮ ಆ ದುಬಾರಿ ಸೈಕಲ್ಲೂ ತನ್ನಿ."

ಭಾನುವಾರ ಇಗರ್ಜಿಯಿಂದ ಹೊರಬಿದ್ದ ಜನ ಮನೆಗೆ ಹೋಗದೆ ಅಲ್ಲೇ ಗುಂಪು ಕಟ್ಟಿದರು. ಓನೋರಿನಾ ಒಂದು ಮೇಜು ತಂದಿಟ್ಟು ಅದಕ್ಕೆ ತಿರುಪಿನ ಇಕ್ಕಳ ಬಿಗಿದಳು. ಆ ತಿಂಗಳು ತಾನು ಮಾಡಿದ್ದ ಒಂದೇ ಒಂದು ಹೊಸ ಫ್ರೇಮನ್ನು ಅದರಲ್ಲಿ ಸಿಕ್ಕಿಸಿ, ಕಬ್ಬಿಣದ ಗರಗಸದಿಂದ ಕೊಳವೆಗಳು ಕೂಡುವ ಜಾಗದಲ್ಲೇ ಕೊಯ್ಯತೊಡಗಿದಳು. ಹದಿನೈದು ದಿನದ ದುಡಿಮೆ ಅದು. ತುಂಡು ಬಿದ್ದಾಗ ಎತ್ತಿ ಜನರಿಗೆ ತೋರಿಸಿದಳು. ಉಕ್ಕಿನ ಎರಡು ಬಳೆಗಳ ನಡುವೆ ಬೆಸುಗೆಯ ಹಿತ್ತಾಳೆ ಗೆರೆ ಎಲ್ಲೂ ಕಡಿಯದೆ ಸುತ್ತಲೂ ಹರಿದಿತ್ತು.

"ಈಗ ನಿಮ್ಮದು ಕೊಡಿ," ಎಂದಳು.

ಗಾಲ್ಬುಸೇರಾ ಸೈಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡ. "ಹುಚ್ಚೇನು ನಿನಗೆ? ಇದಕ್ಕೆ ಎಷ್ಟು ಕೊಟ್ಟಿದ್ದೀನಿ ಗೊತ್ತಾ?"

"ಹೆದರಿಕೆನಾ ಅಧ್ಯಕ್ಷರೇ?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು, ಸೈಕಲ್ಲನ್ನು ಮುಂದಕ್ಕೆ ತಳ್ಳಿಬಿಟ್ಟ.

ಅವಳು ಅದನ್ನೂ ಕೊಯ್ದಳು. ಒಳಗೆ ಹುಳುಕಿರುತ್ತದೆ ಎಂದು ನಾವೆಲ್ಲ ಕಾದಿದ್ದೆವು. ಇರಲಿಲ್ಲ. ಅದರ ಬೆಸುಗೆಯೂ ಇವಳದರಷ್ಟೇ ಪೂರ್ತಿಯಾಗಿತ್ತು. ಓನೋರಿನಾ ಎರಡು ತುಂಡುಗಳ ಬಣ್ಣವನ್ನೂ ಅರದಿಂದ ಕೆರೆದು, ಬೆನ್ನ ಹಿಂದೆ ಅದಲುಬದಲು ಮಾಡಿ ಅವನ ಅಂಗೈಯಲ್ಲಿಟ್ಟಳು.

"ಇದರಲ್ಲಿ ಹೆಂಗಸಿನದು ಯಾವುದು, ಹೇಳಿ."

ಅವನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ತಪ್ಪು ತುಂಡನ್ನು ಎತ್ತಿ ತೋರಿಸಿದ. ಆ ದಿನದ ನಗು ಆಚೆ ಕಣಿವೆಗೂ ಕೇಳಿಸಿರಬೇಕು. ಆದರೂ ಅವಳಿಗೆ ಕೆಲಸ ಬರಲಿಲ್ಲ. ಸಂಘದ ಹುಡುಗರಿಗೆ ಅಧ್ಯಕ್ಷನನ್ನು ಎದುರು ಹಾಕಿಕೊಳ್ಳುವ ಧೈರ್ಯವಿರಲಿಲ್ಲ. ಅವಳು ರೇಷ್ಮೆ ಗಿರಣಿಯಲ್ಲಿ ಅರ್ಧ ದಿನ ದುಡಿದು, ಉಳಿದರ್ಧ ದಿನ ಹಳೇ ಸೈಕಲ್ ರಿಪೇರಿ ಮಾಡಿದಳು.

ಬೇಸಿಗೆಯಲ್ಲಿ ನೇವಿಯೊ ಕತ್ತೋರಿನಿ ಬಂದ. ನಮ್ಮ ಕಣಿವೆಯವನೇ, ಎರಡು ವರ್ಷದ ಹಿಂದೆ ತಾಸ್ಸಿ ಸೈಕಲ್ ಮೇಲೆ ಬೆಟ್ಟದ ಪಂದ್ಯವೊಂದನ್ನು ಗೆದ್ದು, ಈಗ ದೊಡ್ಡ ತಂಡ ಸೇರಿದ್ದ. ನೆಟ್ಟಗೆ ಕೇಳಿದ: "ಸಿನ್ಯೋರಾ, ನನ್ನದನ್ನೂ ನೀವೇ ಬೆಸೆದಿದ್ರಾ?"

"ಹೌದು."

"ನನಗೆ ಹೇಳಬೇಕಿತ್ತು."

"ಹೇಳಿದ್ದಿದ್ರೆ ಹತ್ತುತಿದ್ದೆಯಾ?"

ಅವನು ತಲೆ ಕೆರೆದುಕೊಂಡು ನಕ್ಕ. "ಹತ್ತುತಿರಲಿಲ್ಲ. ಇನ್ನೊಂದು ಮಾಡಿಕೊಡಿ. ತಂಡದವರು ಅವರ ಬಣ್ಣ ಬಳೀತಾರೆ, ಅವರ ಹೆಸರು ಬರೀತಾರೆ. ಎಲ್ಲರೂ ಹಾಗೇ ಮಾಡೋದು."

"ನನ್ನ ಹೆಸರಿಲ್ಲದೆ ಇನ್ನು ಈ ಬಾಗಿಲಿಂದ ಒಂದು ಫ್ರೇಮೂ ಆಚೆ ಹೋಗಲ್ಲ."

"ಅವರು ಒಪ್ಪಲ್ಲ, ಸಿನ್ಯೋರಾ."

"ಹಾಗಾದ್ರೆ ಅವರೇ ಮಾಡಿಕೊಡಲಿ."

ನಾನು ಅವಳನ್ನು ಬೈದೆ. ಮನೆಗೆ ಬಂದ ಭಾಗ್ಯವನ್ನು ಒದೆಯುತ್ತೀಯಲ್ಲ ಎಂದೆ. "ಒದೀತೀನಿ," ಎಂದಳು. "ಐದು ವರ್ಷ ಗಂಡನ ಹೆಸರಲ್ಲಿ ಮಾಡಿದೆ. ಅವನು ನನ್ನವನು, ಬೇಜಾರಿಲ್ಲ. ಕಂಡವರ ಹೆಸರಲ್ಲಿ ಯಾಕೆ ಮಾಡ್ಲಿ?"

ಒಂದೂವರೆ ವರ್ಷ ಹಾಗೇ ಕಳೆಯಿತು. ನೇವಿಯೊ ಮೊಣಕಾಲು ಪೆಟ್ಟು ಮಾಡಿಕೊಂಡ, ತಂಡ ಅವನನ್ನು ಕೈಬಿಟ್ಟಿತು. ಮುಂದಿನ ವಸಂತದಲ್ಲಿ ಒಬ್ಬಂಟಿ ಸವಾರನಾಗಿ ಮತ್ತೆ ಅವಳ ಬಾಗಿಲಿಗೆ ಬಂದು, "ಎಷ್ಟು ದೊಡ್ಡದಾಗಿ ಬೇಕೋ ಅಷ್ಟು ದೊಡ್ಡದಾಗಿ ಬರೀರಿ," ಎಂದ.

ಅವಳು ಬರೆದಳು. ಆಕಾಶ ಬಣ್ಣದ ಕೊಳವೆಯ ಮೇಲೆ ಬಿಳಿ ಅಕ್ಷರದಲ್ಲಿ ಪೂರ್ತಿ ಹೆಸರು: ಓನೋರಿನಾ ತಾಸ್ಸಿ. ಕೋಮೊ ಪಂದ್ಯ ಹೊರಡುವ ಸಾಲಿನಲ್ಲಿ ಸವಾರರು ಅದನ್ನು ಓದಿ ಕೀಟಲೆ ಮಾಡಿದರಂತೆ. "ಏನೋ ನೇವಿಯೊ, ಅಮ್ಮನ ಸೈಕಲ್ ಕದ್ಕೊಂಡು ಬಂದ್ಯಾ?" ಕೊನೆಯ ಇಳಿಜಾರಿನಲ್ಲಿ ಉಳಿದವರು ಬ್ರೇಕ್ ಹಿಡಿದ ತಿರುವುಗಳಲ್ಲಿ ಅವನು ಹಿಡಿಯಲಿಲ್ಲ. ನಲವತ್ತು ಸೆಕೆಂಡು ಮುಂದೆ ಬಂದು ಗೆದ್ದ. ಮರುದಿನದ ಪತ್ರಿಕೆಯ ಚಿತ್ರದಲ್ಲಿ ಅವನ ಮುಖ ಅಷ್ಟು ಸ್ಪಷ್ಟವಿರಲಿಲ್ಲ, ಕೊಳವೆಯ ಮೇಲಿನ ಹೆಸರನ್ನು ಮಾತ್ರ ಓದಬಹುದಿತ್ತು.

ಆ ವಾರವೇ ಸಂಘದ ನಾಲ್ವರು ಹುಡುಗರು ಅವಳ ಬಾಗಿಲಲ್ಲಿ ನಿಂತರು. "ಸಾಲಾಗಿ ನಿಲ್ರೋ," ಎಂದಳು, ತಲೆ ಎತ್ತದೆ.

ಅಲ್ಲಿಂದ ಮುಂದೆ ಇಪ್ಪತ್ತಾರು ವರ್ಷ ಅವಳು ಫ್ರೇಮ್ ಕಟ್ಟಿದಳು. ಕೈ ನಡುಗತೊಡಗಿದಾಗ ತಾನೇ ಬಾಗಿಲು ಮುಚ್ಚಿದಳು. ಸೈಕಲ್ ಕಂಪನಿಯೊಂದರವರು ಬಂದು ಅವಳ ಹೆಸರನ್ನು ಕೊಳ್ಳುತ್ತೇವೆ, ನೀವೇನೂ ಮಾಡಬೇಕಾಗಿಲ್ಲ ಅಂದರು.

"ಅದಕ್ಕೇ ಕೊಡಲ್ಲ," ಎಂದಳು.

ಈಗ ದಿನಾ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಇಸ್ಪೀಟು ಆಡುತ್ತಾಳೆ. ಸೋತರೆ ಎದುರಿಗಿದ್ದವರು ಮೋಸ ಮಾಡಿದರೆಂದು ಜಗಳ ತೆಗೆಯುತ್ತಾಳೆ. ಗೆದ್ದರೂ ತೆಗೆಯುತ್ತಾಳೆ.