ಹಿಮ್ಮಡಿ ನೆಲ ಮುಟ್ಟಿದ ದಿನ

ಮೊನ್ನೆ ನನ್ನ ಪತ್ನಿಯ ಮೊಣಕಾಲಿಗೆ ಹಚ್ಚಲೆಂದು ತೆಂಗಿನೆಣ್ಣೆ ಬಿಸಿ ಮಾಡಿದಾಗ ಎದ್ದ ವಾಸನೆಯು, ಬೆಳಕೆ ಎಂಬ ಊರಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ಅಕ್ಕನವರನ್ನು ನೆನಪಿಗೆ ತಂದಿತು. ಈ ಮೊದಲು ಲೇಖನ ಬರೆದ ಅನುಭವ ನನಗಿಲ್ಲವಾದ್ದರಿಂದ, ನೆನಪಿನಲ್ಲಿ ಉಳಿದಷ್ಟನ್ನು ಮಾತ್ರ ಇಲ್ಲಿ ನಿವೇದಿಸುತ್ತಿದ್ದೇನೆ.

ಸದರಿ ಅಕ್ಕನವರು ಪ್ರತಿ ಸಂಜೆ ಮಗಳ ಪಾದಗಳಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದರು. ಮಗುವಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗ ಮೆದುಳಿಗಾದ ಘಾಸಿಯಿಂದ ಕಾಲಿನ ಸ್ನಾಯುಗಳು ಸದಾ ಬಿಗಿದು ಹಿಮ್ಮಡಿ ಮೇಲಕ್ಕೆದ್ದಿತ್ತು. ಹಿಡಿದು ನಿಲ್ಲಿಸಿದರೂ ಅವಳು ಬೆರಳ ತುದಿಯಲ್ಲೇ ನಿಲ್ಲುತ್ತಿದ್ದಳು. ಅಕ್ಕನವರ ಪತಿ ಮೀನುಗಾರಿಕೆಯ ಬೋಟಿನಲ್ಲಿರುತ್ತಿದ್ದ ಕಾರಣ, ಕುಮಟಾದ ಆಸ್ಪತ್ರೆಗೆ ನಾನು ಜೊತೆಗೆ ಹೋಗುತ್ತಿದ್ದೆ.

ಅಲ್ಲಿ ಪಾದವನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ಪ್ಲಾಸ್ಟರ್ ಬದಲಿಸುತ್ತ ಬಂದರು. ಕೊನೆಯದನ್ನು ಬಿಚ್ಚಿ ನಿಲ್ಲಿಸಿದಾಗ ಹಿಮ್ಮಡಿ ನೆಲ ಮುಟ್ಟಿತು. ಅಕ್ಕನವರು ಅದರಡಿಗೆ ಬೆರಳು ತೂರಿಸಲು ನೋಡಿ, "ಸಂದೇ ಇಲ್ಲ ನೋಡು ತಮ್ಮಾ!" ಎಂದು ನಕ್ಕರು. ಅಂಥ ನಗು ಮತ್ತೆ...

ಪಾದ ಮರಳಿ ಬಿಗಿಯದಂತೆ ಪಟ್ಟಿಗಳುಳ್ಳ ಪ್ಲಾಸ್ಟಿಕ್ ಬೂಟು ಕೊಟ್ಟು, ಸದಾ ಹಾಕಿರಬೇಕೆಂದು ವೈದ್ಯರು ಸೂಚಿಸಿದರು. ಮನೆ ತಲುಪಿದಾಗ ಅಕ್ಕನವರ ಅತ್ತೆಯವರು ಹೊಸ್ತಿಲಲ್ಲೇ, "ಬಂದ್ಳು ನೋಡು ದೊರೆಸಾನಿ, ಬೂಟು ಹಾಕ್ಕಂಡು!" ಎಂದರು. ಅಕ್ಕನವರೂ ನಗುತ್ತಲೇ ಅದನ್ನು ಬಿಚ್ಚಿ, ಜಗಲಿಯ ಕೆಳಗೆ ಚಪ್ಪಲಿಗಳ ಪಕ್ಕದಲ್ಲಿಟ್ಟರು. ಅಂದಿನಿಂದ ಅದರ ಸ್ಥಾನ ಅದೇ ಆಯಿತು.

ಮುಂದಿನ ಭೇಟಿಯ ವೇಳೆಗೆ ಹಿಮ್ಮಡಿ ಮತ್ತೆ ಎದ್ದಿತ್ತು.

"ದಿನಾ ಹಾಕ್ತೀರಾ?" ಎಂದು ವೈದ್ಯರು ಕೇಳಿದರು.

"ಹಾಕ್ತೆ ಡಾಕ್ಟ್ರೇ. ಹೊರಗೆ ಹೊರಟ್ರೆ ತಪ್ಪುದೇ ಇಲ್ಲ."

"ಮನೆಯೊಳಗೆ?"

ಅಕ್ಕನವರು ಅವರ ಮುಖವನ್ನೇ ನೋಡಿದರು. "ಒಳಗೆ ಹ್ಯಾಂಗೆ? ದೇವ್ರ ದೀಪ ಇರ್ತದಲ್ಲ."

ಮಗು ಹೊರಗೆ ಹೋಗುತ್ತಿದ್ದುದು ಆಸ್ಪತ್ರೆಗೆ ಮಾತ್ರ.

ತದನಂತರ ಬೂಟು ತೊಳೆದು ಒಳಗೂ ತೊಡಿಸಿದರು; ಅತ್ತೆಯವರೂ ಸುಮ್ಮನಾದರು. ಆದರೆ ಬಿಗಿದ ಪಾದ ಅದರಲ್ಲಿ ಕೂರದೆ ಚರ್ಮ ಸುಲಿಯಿತು. ಮೊದಲಿನಿಂದಲೇ ಹಾಕಿದ್ದರೂ ಮಗು ಬೆಳೆದಂತೆ ಹೀಗಾಗುತ್ತಿರಲಿಲ್ಲವೆಂದು ಖಚಿತವಾಗಿ ಹೇಳಲಾಗದು ಎಂದು ವೈದ್ಯರು ತಿಳಿಸಿದರು. ಅಕ್ಕನವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಪಾದ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಕರೆದಾಗಲೆಲ್ಲ ಮಗುವಿಗೆ ಫಿಟ್ಸ್ ಬರುತ್ತಿತ್ತು, ಇಲ್ಲವೇ ಎದೆಯಲ್ಲಿ ಕಫ ಕಟ್ಟುತ್ತಿತ್ತು. ಹೀಗೆ ಮುಂದೂಡುತ್ತ, ಮುಂದೂಡುತ್ತ... ಅಷ್ಟರಲ್ಲಿ ಅಕ್ಕನವರೇ ಹಾಸಿಗೆ ಹಿಡಿದರು.

ಕೊನೆಯ ಬಾರಿ ನೋಡಲು ಹೋದಾಗ ನನ್ನನ್ನು ಮಗಳ ಬಳಿಗೆ ಕಳಿಸಿ, "ಹಿಮ್ಮಡಿ ಒಂಚೂರಾದ್ರೂ ಕೆಳಗೆ ಬಂದದ್ಯಾ, ತಮ್ಮಾ?" ಎಂದು ಕೇಳಿದರು. ಬಂದಿರಲಿಲ್ಲ. ಹಾಗೆಯೇ ಹೇಳಿದೆ.

"ಆತು" ಎಂದು ಗೋಡೆಯ ಕಡೆ ತಿರುಗಿದರು.

ಅಕ್ಕನವರು ಈಗಿಲ್ಲ. ಹುಡುಗಿ ಬೆಳೆದಿದ್ದಾಳೆ, ಪಾದಗಳು ಒಳಮುಖವಾಗಿ ತಿರುಗಿ ಗಟ್ಟಿಯಾಗಿವೆ. ಎತ್ತಲು ಅಜ್ಜಿಗೆ ಶಕ್ತಿ ಸಾಲದು. ನಾನು ಹೋದಾಗಲೆಲ್ಲ ಹುಡುಗಿ ನನ್ನ ಮುಖ ನೋಡಿ, ಬಳಿಕ ನನ್ನ ಹಿಂದೆ ಇನ್ನೂ ಯಾರೋ ಬರುವವರಿದ್ದಾರೆಂಬಂತೆ ಕುತ್ತಿಗೆ ಚಾಚುತ್ತಾಳೆ. ನಾನು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಬಾಗಿಲು ಖಾಲಿ ಇರುತ್ತದೆ.