ಬಾವಿಯ ದಂಡೆಯ ಮೇಲೆ ಕೂತಿರುತ್ತಿದ್ದ ಆಯಿ

೧೯೯೧ನೇ ಇಸವಿ. ಆಗ ನನಗೆ ಮೂವತ್ತೊಂದು ವರ್ಷ. ಕಾಗವಾಡದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಮನೆಯಲ್ಲಿ ಯಜಮಾನರು ಮತ್ತು ಆರು ವರ್ಷದ ಮಗಳು. ಆ ಜೂನ್ ತಿಂಗಳಲ್ಲಿ, ಧಾರವಾಡದಲ್ಲಿ ನನ್ನ ಜೊತೆ ಓದಿದ್ದ ಗೆಳತಿಯೊಬ್ಬಳು ಅಂಚೆಯಲ್ಲಿ ಒಂದು ಅರ್ಜಿ ಕಳಿಸಿದಳು. ಡಿಸೆಂಬರ್ ಕೊನೆಗೆ ಕಡಲತೀರದ ಊರೊಂದರಲ್ಲಿ ಟ್ರಯಥ್ಲಾನ್ ನಡೆಯುವುದಿತ್ತು. ಸಮುದ್ರದಲ್ಲಿ ಎರಡು ಕಿಲೋಮೀಟರ್ ಈಜು, ಮೇಲೆ ಬಂದು ತೊಂಬತ್ತು ಕಿಲೋಮೀಟರ್ ಸೈಕಲ್, ಇಳಿದ ಕೂಡಲೇ ಇಪ್ಪತ್ತೊಂದು ಕಿಲೋಮೀಟರ್ ಓಟ. ಎಲ್ಲವೂ ಒಂದೇ ದಿನ.

ಯಜಮಾನರು ಅರ್ಜಿಯನ್ನು ಎರಡು ಸಲ ಓದಿದರು. “ಇದನ್ನ ಯಾರರ ಬೇಕಂತ ಮಾಡ್ತಾರೇನ?” ಎಂದರು. ನಾನು ಅರ್ಜಿ ತುಂಬಿ ಕಳಿಸಿದೆ. ಎರಡು ದಿನ ಬಿಟ್ಟು ನೋಡಿದರೆ, ಅಂಗಳದಲ್ಲಿ ತಮ್ಮ ಸೈಕಲ್ಲನ್ನು ನನಗಾಗಿ ತಲೆಕೆಳಗಾಗಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದರು. ಮಗಳ ಜಡೆ ಹಾಕುವುದನ್ನೂ ಅವತ್ತಿನಿಂದಲೇ ಕಲಿತರು.

ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದಿಟ್ಟು ಹೊರಡುತ್ತಿದ್ದೆ. ರವಿವಾರ ಸೈಕಲ್ ಮೇಲೆ ಅಥಣಿಯ ತನಕ ಹೋಗಿ ಬರುತ್ತಿದ್ದೆ. ವಾರದಲ್ಲಿ ಮೂರು ದಿನ ಸಂಜೆ ಶಾಲೆ ಬಿಟ್ಟ ಮೇಲೆ ಐನಾಪುರದ ರಸ್ತೆಯಲ್ಲಿ ಓಟ. ನಾನು ಓಡುವುದನ್ನು ಕಂಡು ಚಕ್ಕಡಿಯವರು ಎತ್ತು ನಿಲ್ಲಿಸಿ, “ಹತ್ರಿ ಅಕ್ಕೋರ, ಬಿಡ್ತೀನಿ” ಎನ್ನುತ್ತಿದ್ದರು. ಒಬ್ಬರಂತೂ ಮೋಟಾರ್ ಸೈಕಲ್ ತಿರುಗಿಸಿಕೊಂಡು ಬಂದು, “ಮನ್ಯಾಗ ಎಲ್ಲಾ ಅರಾಮ ಅದಾರಲ್ರಿ?” ಎಂದು ಗಾಬರಿಯಿಂದ ಕೇಳಿದರು.

ಓಟ, ಸೈಕಲ್ ಹೇಗೋ ಆಗುತ್ತಿತ್ತು. ನನಗೆ ಹೆದರಿಕೆ ಇದ್ದದ್ದು ಈಜಿನದು. ಕಾಲೇಜಿನ ದಿನಗಳಲ್ಲಿ ಸಣ್ಣ ಕೊಳದಲ್ಲಿ ಅಷ್ಟಿಷ್ಟು ಕಲಿತಿದ್ದೆ, ಅಷ್ಟೇ. ಕೃಷ್ಣಾ ನದಿಗೆ ಇಳಿಯೋಣವೆಂದರೆ ಮೊಸಳೆಯ ಭಯ, ಮೇಲಾಗಿ ದಂಡೆಯ ತುಂಬ ಗಂಡಸರು. ಆಗ ನೆರವಿಗೆ ಬಂದವಳು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಂತಕ್ಕ. ಊರ ಹೊರಗೆ ಅವರ ದ್ರಾಕ್ಷಿ ತೋಟದಲ್ಲಿ ದೊಡ್ಡ ಚೌಕಾಕಾರದ ಬಾವಿ ಇತ್ತು. ಹನ್ನೆರಡು ಮಾರು, ಅಂದರೆ ಸುಮಾರು ಎಪ್ಪತ್ತು ಅಡಿ ಉದ್ದ, ಒಂದು ಮಗ್ಗುಲಿಗೆ ಮೆಟ್ಟಿಲು, ಉಳಿದ ಮೂರು ಕಡೆ ನೆಟ್ಟಗಿನ ಕಲ್ಲಿನ ಗೋಡೆ. “ಏಳರ ತನಾ ಯಾವ ಗಂಡಸೂ ಈ ಕಡೆ ಬರೂದಿಲ್ರಿ. ನಮ್ಮ ಮನ್ಯಾರಿಗೂ ಹೇಳೇನಿ” ಎಂದು ಶಾಂತಕ್ಕ ಧೈರ್ಯ ಕೊಟ್ಟಳು.

ಹಾಗೆ ಸಲವಾರ್ ಕಮೀಜು ತೊಟ್ಟು ಬಾವಿಗೆ ಇಳಿಯತೊಡಗಿದೆ. ಶಾಂತಕ್ಕ ಮೆಟ್ಟಿಲ ಮೇಲೆ ಶೇಂಗಾ ಇಟ್ಟುಕೊಂಡು ಕೂತು, ನಾನು ಒಂದು ಸಲ ದಾಟಿದರೆ ಒಂದು ಕಾಳನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಿದ್ದಳು. ಕೆಲವೊಮ್ಮೆ, “ಅಕ್ಕೋರ, ಮಾತಿನಾಗ ಎರಡ ತಿಂದ್ಬಿಟ್ಟೆ. ನೀವ್ ಎಣಸೀರೇನ?” ಎಂದು ಕೂಗುತ್ತಿದ್ದಳು.

ಶಾಂತಕ್ಕನ ಅತ್ತೆ ತಂಗೆವ್ವ. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಎಪ್ಪತ್ತರ ಹತ್ತಿರದ ಬಡಕಲು ಮುದುಕಿ. ದಿನವೂ ನಾನು ಬರುವ ಮೊದಲೇ ಬಾವಿಯ ದಂಡೆಯ ಮೇಲೆ ಕಾಲು ಮಡಚಿ ಕೂತು, ಹಲ್ಲಿಗೆ ಮಸೇರಿಯ ತಂಬಾಕು ಪುಡಿ ತಿಕ್ಕುತ್ತ ನೀರನ್ನೇ ನೋಡುತ್ತಿದ್ದರು. ಮಾತು ಕಡಿಮೆ. ಒಮ್ಮೆ ಮಾತ್ರ, “ಭಾಳ ನೀರ ಬಡೀತಿ ತಂಗಿ” ಎಂದರು. ನಾನು ನಕ್ಕೆ. ದಂಡೆಯ ಮೇಲೆ ಕೂತವರಿಗೆ ಏನು ಗೊತ್ತು ಎಂದುಕೊಂಡೆ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಸೆಪ್ಟೆಂಬರಿನ ಒಂದು ಮುಂಜಾನೆ. ಮಳೆ ಚೆನ್ನಾಗಿ ಆಗಿ ಬಾವಿ ತುಂಬಿತ್ತು, ಮೂರಾಳು ನೀರು. ಅವತ್ತು ಅರವತ್ತು ಸಲ ದಾಟಲೇಬೇಕೆಂದು ಹಟ ಹಿಡಿದಿದ್ದೆ. ಐವತ್ತರ ಆಸುಪಾಸಿನಲ್ಲಿ, ಆಚೆಯ ಗೋಡೆಯ ಹತ್ತಿರ ಇದ್ದಾಗ, ಬಲಗಾಲಿನ ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿತು. ಅಂಥ ನೋವು ಹೆರಿಗೆಯಲ್ಲೂ ಕಂಡಿರಲಿಲ್ಲ. ಗೋಡೆಗೆ ಕೈ ಹಾಕಿದೆ. ಪಾಚಿ, ಜಾರಿತು. ಇನ್ನೊಮ್ಮೆ ಹಾಕಿದೆ, ಉಗುರಿಗೆ ಪಾಚಿ ಬಂತೇ ಹೊರತು ಹಿಡಿತ ಸಿಗಲಿಲ್ಲ. ಕೂಗಲು ಬಾಯಿ ತೆರೆದರೆ ನೀರು ಒಳಗೆ ಹೋಯಿತು.

ಶಾಂತಕ್ಕನಿಗೆ ಈಜು ಬರುವುದಿಲ್ಲ. ಅವಳು, “ಯಾರರ ಬರ್ರೋ! ಅಕ್ಕೋರು ಮುಳಗಾಕತ್ತಾರೋ!” ಎಂದು ಚೀರಿದ್ದು ದೂರದಲ್ಲೆಲ್ಲೋ ಕೇಳಿದಂತಾಯಿತು. ತೋಟದ ಹೆಣ್ಣಾಳುಗಳು ಓಡಿ ಬಂದು ದಂಡೆಯ ಮೇಲೆ ಬಾಯಿ ಬಡಿದುಕೊಳ್ಳುತ್ತಿದ್ದರು. ಒಬ್ಬಾಕೆ ತೋಟದ ಆ ತುದಿಯಲ್ಲಿದ್ದ ಶಾಂತಕ್ಕನ ಗಂಡ ಅಪ್ಪಾಸಾಹೇಬರನ್ನು ಕರೆಯಲು ಓಡಿದಳಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ನನಗೆ ಆ ಹೊತ್ತಿನಲ್ಲಿ ತಲೆಯಲ್ಲಿ ಬಂದದ್ದು ಒಂದೇ, ಮಗಳಿಗೆ ಡಬ್ಬಿ ಕಟ್ಟಿಲ್ಲ ಎಂದು.

ಅಷ್ಟರಲ್ಲಿ ಮೇಲಿನಿಂದ ಏನೋ ಬಂದು ನೀರಿಗೆ ಬಿತ್ತು. ಸದ್ದೇ ಆಗಲಿಲ್ಲ ಎನ್ನಬೇಕು. ಯಾರೋ ಹಿಂದಿನಿಂದ ನನ್ನ ಜಡೆ ಹಿಡಿದು ಮೇಲಕ್ಕೆಳೆದರು. ನಾನು ತಿರುಗಿ ತಬ್ಬಿಕೊಳ್ಳಲು ಹೋದೆ.

“ನನ್ನ ಹಿಡೀಬ್ಯಾಡ,” ಕಿವಿಯ ಹತ್ತಿರವೇ ದನಿ. “ಕೈ ಬಿಡು. ಆಕಾಶ ನೋಡು. ಆಕಾಶ ನೋಡಂತೀನಲ್ಲ!”

ನೋಡಿದೆ. ಬಾವಿಯ ಅಳತೆಗೆ ಕತ್ತರಿಸಿದ ಹಾಗೆ ಒಂದು ಚೌಕ ಆಕಾಶ. ಅದು ಮೆಲ್ಲಗೆ ಸರಿಯತೊಡಗಿತು. ಒಂದು ಕೈಯಲ್ಲಿ ನನ್ನ ಜಡೆ ಹಿಡಿದು, ಇನ್ನೊಂದು ಕೈಯಿಂದ ನೀರನ್ನು ಹಿಂದಕ್ಕೆ ದೂಡುತ್ತ ಅವರು ನನ್ನನ್ನು ಎಳೆದೊಯ್ಯುತ್ತಿದ್ದರು. ಬೆನ್ನಿಗೆ ಮೆಟ್ಟಿಲು ತಾಗಿದಾಗ ಗೊತ್ತಾಯಿತು, ಅದು ಆಯಿ.

ಶಾಂತಕ್ಕ ನನ್ನನ್ನು ಅಪ್ಪಿಕೊಂಡು ಅಳುತ್ತಿದ್ದಳು. ಆಯಿ ಸೊಂಟದ ಮಟ್ಟದ ನೀರಿನಲ್ಲೇ ನಿಂತು ನನ್ನ ಕಾಲಿನ ಹೆಬ್ಬೆರಳನ್ನು ಹಿಂದಕ್ಕೆ ಮಡಚಿ, ಮೀನಖಂಡವನ್ನು ಅಂಗೈಯಿಂದ ಒತ್ತಿದರು. ಗಂಟು ಬಿಟ್ಟಿತು. “ಉಸರ ತಗೋ. ಏನೂ ಆಗಿಲ್ಲ” ಎಂದರು. ಆಮೇಲೆ ಮೇಲೆ ಬರುತ್ತಾರೆಂದು ನಾವೆಲ್ಲ ಕೈ ಚಾಚಿದೆವು.

ಆಯಿ ಮೇಲೆ ಬರಲಿಲ್ಲ. ತಿರುಗಿ ನೀರಿಗೆ ಹೋದರು.

ಕಚ್ಚೆ ಬಿಗಿದ ಹಸಿರು ಸೀರೆಯಲ್ಲಿ ಆ ಮುದುಕಿ ಬಾವಿಯ ಉದ್ದಕ್ಕೂ ಈಜಿದ್ದನ್ನು ನಾನು ಹೇಗೆ ಹೇಳಲಿ? ಒಂದು ಹನಿ ಸಿಡಿಯಲಿಲ್ಲ. ಗೋಡೆ ಮುಟ್ಟಿ ಹೊರಳಿದರು. ಅಂಗಾತಾಗಿ ಮಲಗಿ, ಎರಡೂ ಕೈ ಚೆಲ್ಲಿ, ನಡುನೀರಿನಲ್ಲಿ ಸುಮ್ಮನೆ ತೇಲಿದರು. ಮುಖದ ಮೇಲೆ ಬಿಸಿಲು ಬಿದ್ದಿತ್ತು. ಎಂಟು ಹತ್ತು ಹೆಂಗಸರು ದಂಡೆಯ ಮೇಲೆ ನಿಂತು ನೋಡುತ್ತಿದ್ದೆವು. ಗರ್ಭಗುಡಿಯ ಎದುರು ನಿಂತಾಗಲೂ ನನ್ನ ಮೈ ಹಾಗೆ ಜುಮ್ಮೆಂದಿಲ್ಲ.

ಅಪ್ಪಾಸಾಹೇಬರು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಏದುಸಿರು ಬಿಡುತ್ತ ಓಡಿ ಬಂದವರು ಅಲ್ಲೇ ನಿಂತುಬಿಟ್ಟರು.

“ಅವ್ವಾ! ನಿನಗ ಈಸಾಕ ಬರತೈತೇನ?”

ಆಯಿ ತೇಲುತ್ತಲೇ ಹೇಳಿದರು, “ಯಾರ ಕೇಳಿದ್ರಿ ನನ್ನ?”

ಐವತ್ತು ವರ್ಷದ ಮಗ. ಹಗ್ಗ ಕೆಳಗಿಟ್ಟು, ಮೆಟ್ಟಿಲು ಇಳಿದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ತಾಯಿಯ ಕಡೆಗೆ ಹಿಡಿದು ನಿಂತರು.

“ತಡಿ,” ಎಂದರು ಆಯಿ, “ಇನ್ನೊಂದ ಸುತ್ತ.”

ಆಮೇಲೆ ಒಲೆಯ ಮುಂದೆ ಕೂತು ಚಹಾ ಕುಡಿಯುವಾಗ ಹೇಳಿದರು. ಅವರ ತವರು ಏಕಸಂಬಿಯ ಕಡೆ, ದೂಧಗಂಗಾ ನದಿಯ ದಂಡೆ. ಎಮ್ಮೆಯ ಬಾಲ ಹಿಡಿದು ಈಜು ಕಲಿತವರು. ಹತ್ತು ಹನ್ನೊಂದು ವರ್ಷಕ್ಕೆಲ್ಲ ತುಂಬಿದ ಹೊಳೆ ದಾಟಿ ಆಚೆಯಿಂದ ಎಮ್ಮೆ ಹೊಡೆದುಕೊಂಡು ಬರುತ್ತಿದ್ದರಂತೆ. ಹದಿನಾಲ್ಕಕ್ಕೆ ಮದುವೆ. ಸೊಸೆಯಾದವಳು ನೀರಿಗೆ ಇಳಿಯಬಾರದು ಎಂದು ಅತ್ತೆ ಒಂದೇ ಮಾತು ಹೇಳಿದರಂತೆ.

“ಈ ಬಾವಿ ತೋಡೂ ಮುಂದ ಮಣ್ಣ ಹೊತ್ತಾಕಿ ನಾನ” ಎಂದರು ಆಯಿ. “ನೀರಿನ ಸೆಲಿ ಒಡದ ದಿನಾ ಗಂಡಸರೆಲ್ಲಾ ಇಳದ ಕುಣಿದ್ರು. ನಾ ಬುಟ್ಟಿ ಹಿಡಕೊಂಡ ಮ್ಯಾಲ ನಿಂತಿದ್ನಿ.” ಶಾಂತಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಯಿಯ ದನಿಯಲ್ಲಿ ಮಾತ್ರ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ.

ಅದಾದ ಮೇಲೆ ನಾನು ಒಂದು ವಾರ ಬಾವಿಯ ಕಡೆ ಹಾಯಲಿಲ್ಲ. ಮನೆಯ ನೀರಿನ ಹೌದಿನಿಂದ ಕೊಡ ತುಂಬಲೂ ಯಜಮಾನರನ್ನೇ ಕಳಿಸುತ್ತಿದ್ದೆ. ಈ ಹುಚ್ಚು ಸಾಕು ಎಂದು ಅವರ ಹತ್ತಿರ ಹೇಳಿಯೂ ಬಿಟ್ಟಿದ್ದೆ. ಎಂಟನೆಯ ದಿನ ಶಾಂತಕ್ಕ ಶಾಲೆಗೇ ಬಂದಳು.

“ಆಯಿ ದಿನಾ ದಂಡಿಮ್ಯಾಲ ಕುಂತ ಹಾದಿ ನೋಡ್ತಾರ್ರಿ. ಅಕ್ಕೋರು ಬರದ ನಾ ಹೆಂಗ ಇಳೀಲಿ ಅಂತಾರ.”

ನನಗೆ ಅರ್ಥವಾಯಿತು, ನೀರಿಗೆ ಇಳಿಯಲು ಆಯಿಗೆ ನನ್ನ ನೆಪ ಬೇಕಿತ್ತು. ಮರುದಿನವೇ ಹೋದೆ.

ಆಯಿ ಅವತ್ತಿನಿಂದ ನನ್ನ ಗುರು. ಕೈಯನ್ನು ನೀರಿಗೆ ಹೊಡೆಯದೆ ಒಳಗೆ ಹೇಗೆ ಜಾರಿಸಬೇಕು, ಉಸಿರನ್ನು ನೀರಿನೊಳಗೆ ಹೇಗೆ ಬಿಡಬೇಕು, ಸುಸ್ತಾದಾಗ ಹೇಗೆ ಅಂಗಾತ ಮಲಗಿ ಚೇತರಿಸಿಕೊಳ್ಳಬೇಕು, ಎಲ್ಲವನ್ನೂ ನೀರಿಗೆ ಇಳಿದೇ ತೋರಿಸಿದರು. ನಾನು ಹೆದರಿ ಕೈಕಾಲು ಬಡಿದರೆ, “ಯಾರೂ ಬೆನ್ನ ಹತ್ತಿಲ್ಲವ್ವಾ, ಸಾವಕಾಶ” ಎನ್ನುತ್ತಿದ್ದರು. ನವೆಂಬರ್ ಹೊತ್ತಿಗೆ ಶಾಂತಕ್ಕ ಎಣಿಸುವ ಶೇಂಗಾ ತೊಂಬತ್ತು ದಾಟಿತ್ತು, ಹತ್ತಿರ ಹತ್ತಿರ ಎರಡು ಕಿಲೋಮೀಟರ್.

ಡಿಸೆಂಬರಿನಲ್ಲಿ ಯಜಮಾನರು, ಮಗಳು, ನಾನು ಆ ಕಡಲತೀರದ ಊರಿಗೆ ಹೋದೆವು. ಸ್ಪರ್ಧೆಯನ್ನು ಮುಗಿಸಿದೆ. ನಾನು ಗುರಿ ಮುಟ್ಟುವಾಗ ಹೊತ್ತು ಇಳಿದಿತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಹೇರುತ್ತಿದ್ದರು, ನನ್ನ ಹಿಂದೆ ಇದ್ದವರು ಇಬ್ಬರೇ. ಮಗಳು ಓಡಿ ಬಂದು ಕಾಲು ತಬ್ಬಿಕೊಂಡಳು. ಯಜಮಾನರು ಹೇರಿದ್ದ ಕುರ್ಚಿಗಳಲ್ಲಿ ಒಂದನ್ನು ಎಳೆದು ತಂದು ನನ್ನನ್ನು ಕೂರಿಸಿದರು.

ಊರಿಗೆ ಬಂದ ಮರುದಿನ ಪೇಢೆ ಹಿಡಿದು ತೋಟಕ್ಕೆ ಹೋದೆ. ಎಷ್ಟನೆಯವಳಾಗಿ ಬಂದೆ ಎಂದು ಆಯಿ ಕೇಳಲೇ ಇಲ್ಲ. ನನ್ನನ್ನು ಹತ್ತಿರ ಕೂರಿಸಿಕೊಂಡು, “ಸಮುದ್ರದ ನೀರ ಮೈಗೆ ಹೆಂಗ ಹತ್ತತೈತಿ?” ಎಂದರು. ಅವರು ಸಮುದ್ರ ನೋಡಿರಲಿಲ್ಲ. ನಾನು ಹೇಳಿದೆ, ಉಪ್ಪು ಇರುತ್ತದೆ, ಕಣ್ಣು ಉರಿಯುತ್ತದೆ, ಆದರೆ ಆ ನೀರು ಮನುಷ್ಯನನ್ನು ತಾನೇ ಎತ್ತಿ ಹಿಡಿಯುತ್ತದೆ ಎಂದು. ಆಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಡಿಲಲ್ಲಿದ್ದ ಅವರ ಕೈಗಳು ಮೆಲ್ಲಗೆ ಆಡುತ್ತಿದ್ದವು.

“ತಾನ ಎತ್ತತೈತಿ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು.

ಆಯಿ ಇನ್ನೂ ಐದಾರು ವರ್ಷ ಬದುಕಿದ್ದರು. ನಾನು ನೌಕರಿಯಿಂದ ನಿವೃತ್ತಳಾಗುವ ತನಕವೂ ಒಂದು ಅಭ್ಯಾಸ ಇಟ್ಟುಕೊಂಡಿದ್ದೆ, ಈಗಲೂ ಬಿಟ್ಟಿಲ್ಲ. ವಯಸ್ಸಾದ ಹೆಣ್ಣುಮಕ್ಕಳು ಸಿಕ್ಕರೆ, ನೀವು ಸಣ್ಣವರಿದ್ದಾಗ ಏನು ಮಾಡುತ್ತಿದ್ದಿರಿ, ನಿಮಗೆ ಏನೇನು ಬರುತ್ತಿತ್ತು ಎಂದು ಕೇಳುತ್ತೇನೆ. ಒಬ್ಬರು ಕುದುರೆ ಏರುತ್ತಿದ್ದರಂತೆ. ಇನ್ನೊಬ್ಬರು ಕವಣೆ ಬೀಸಿದರೆ ಗುರಿ ತಪ್ಪುತ್ತಿರಲಿಲ್ಲವಂತೆ. ಆದರೆ ಯಾರೂ ಕೂಡಲೇ ಹೇಳುವುದಿಲ್ಲ. “ಅಯ್ಯ, ನಮಗೇನ ಬರತೈತ್ರಿ” ಎಂದು ಸೆರಗನ್ನು ಬಾಯಿಗೆ ಹಿಡಿದು ನಗುತ್ತಾರೆ. ನಾನು ಪಕ್ಕದಲ್ಲೇ ಕೂತು ಕಾಯುತ್ತೇನೆ.