ಬೇಯಿಸದ ಅನಾನಸು

ನನಗೆ ಸಿಟ್ಟು ಸುಲಭವಾಗಿ ಬರುವುದಿಲ್ಲ. ಬರುವುದು ಚಿಂತೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಎರಡು ಸಲ ಮನೆಗೆ ವಾಪಸು ಬರುವವಳು ನಾನು. ಮೂರನೆಯ ಸಲ ಬಂದು ಅಕ್ಕಪಕ್ಕದವರಿಗೆ ಮನರಂಜನೆ ಒದಗಿಸಿದ್ದೂ ಉಂಟು. ಆದರೆ ಯಾರಾದರೂ ಅಡಿಗೆಯವರ ‘ಕೈಗುಣ’ದ ಮಾತೆತ್ತಿದರೆ ನನ್ನ ಮೈ ಉರಿಯುತ್ತದೆ. ಈ ನಡುವಯಸ್ಸಿನಲ್ಲಿ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳುತ್ತಾರೆ. ಹೇಳಲಿ.

ಐವತ್ತರ ದಶಕದ ಕೊನೆಯ ಮಾತು. ಮದರಾಸಿನ ಟಿ. ನಗರದಲ್ಲಿ ಅಪ್ಪಯ್ಯನ ಊಟದ ಹೋಟೆಲು, ಅದರ ಮಹಡಿಯ ಮೇಲೆ ನಮ್ಮ ಮನೆ. ಉಡುಪಿ ಕಡೆಯಿಂದ ಬಂದು ಹೋಟೆಲು ಇಟ್ಟವರು ಊರಿಡೀ ಇದ್ದರು. ಎಲ್ಲರಿಗೂ ಎಲ್ಲರ ಅಡಿಗೆಯವರು ಗೊತ್ತು. ಊಟ ರುಚಿಯಾದರೆ ಭಟ್ಟರ ಕೈಗುಣ ದೊಡ್ಡದು. ಕೆಟ್ಟರೆ ಕೈಗುಣ ಹೋಯಿತು. ಹಾಗೆಂದು ನಾಲ್ಕು ಹೋಟೆಲಿಗೆ ಸುದ್ದಿ ಮುಟ್ಟಿತೆಂದರೆ ಆ ಮನುಷ್ಯ ಮತ್ತೆ ಒಲೆಯ ಮುಂದೆ ನಿಲ್ಲುವ ಹಾಗಿಲ್ಲ. ಹಿತ್ತಲಲ್ಲಿ ಕುಳಿತು ತರಕಾರಿ ಹೆಚ್ಚಬೇಕು, ಅಷ್ಟೆ. ಇದಕ್ಕೆ ವಿಚಾರಣೆ ಇಲ್ಲ, ಅಪೀಲಿಲ್ಲ. ಕೊಲೆ ಮಾಡಿದವನಿಗೂ ಹೈಕೋರ್ಟು ಉಂಟು.

ನಮ್ಮ ಹೋಟೆಲಿನ ಭಟ್ಟರು ನಾನು ಹುಟ್ಟುವ ಮೊದಲಿನಿಂದ ಅಲ್ಲಿ ಒಲೆಯ ಮುಂದೆ ನಿಂತವರು. ನಾನು ಆಗ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹೋಮ್ ಸೈನ್ಸ್ ಓದುತ್ತಿದ್ದೆ. ಮೊದಲ ಟರ್ಮಿನಲ್ಲಿ ವಿಟಮಿನ್ನುಗಳ ಪಾಠ, ಎರಡನೆಯದರಲ್ಲಿ ಎನ್‌ಜೈಮುಗಳದ್ದು. ಈ ಎರಡರ ನಡುವೆ ಇದ್ದ ರಜೆಯಲ್ಲಿ ನಾನು ಒಬ್ಬ ಮನುಷ್ಯನ ಬದುಕಿಗೆ ಮಣ್ಣು ಹಾಕಿದೆ.

ಅಡ್ಯಾರಿನಲ್ಲಿ ಬ್ಯಾಂಕಿನ ದೊಡ್ಡ ಆಫೀಸರೊಬ್ಬರು, ನಮ್ಮ ಕಡೆಯವರೇ, ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಊಟ ನಮ್ಮಲ್ಲಿಂದ ಹೋಗಬೇಕು. ಅನಾನಸಿನ ಮೊಸರು ಗೊಜ್ಜು ಆಗಲೇಬೇಕೆಂದು ಆ ಮನೆಯಾಕೆ ಹೇಳಿ ಕಳಿಸಿದ್ದರು. ಹಿಂದಿನ ದಿನ ಸಂಜೆ ಭಟ್ಟರು ಅನಾನಸು ಹೆಚ್ಚಿ, ಬೆಲ್ಲದ ನೀರಿನಲ್ಲಿ ಬೇಯಿಸಲಿಕ್ಕೆ ಪಾತ್ರೆ ಇಡುತ್ತಿದ್ದಾಗ ನಾನು ಕಾಫಿಗೆಂದು ಕೆಳಗಿಳಿದೆ.

“ಬೇಯಿಸಿದ್ರೆ ಅದರಲ್ಲಿರುವ ವಿಟಮಿನ್ ಸಿ ಎಲ್ಲ ಹಾಳಾಗ್ತದೆ ಭಟ್ರೆ.”

“ಅದು ಎಂತ ಸಾಮಾನು? ನಾನು ಹಾಕ್ಲಿಲ್ಲ.”

“ಹಣ್ಣಿನಲ್ಲೇ ಇರ್ತದೆ. ಹಸಿಯಾಗಿ ಮೊಸರಿಗೆ ಹಾಕಿ. ಈಗ ಓದಿದವರ ಮನೆಯಲ್ಲಿ ಹಣ್ಣು ಬೇಯಿಸಿ ತಿನ್ನುವುದಿಲ್ಲ.”

“ಅನಾನಸನ್ನು ಬೇಯಿಸದೆ ಮೊಸರಿಗೆ ಹಾಕುವ ಕ್ರಮ ಇಲ್ಲ ಮಗಾ.”

“ಯಾಕೆ ಇಲ್ಲ?”

“ನನಗೆ ಕಲಿಸಿದವರು ಹಾಕ್ತಿರ್ಲಿಲ್ಲ.”

“ಅದು ಕಾರಣ ಅಲ್ಲ.”

“ಹೌದಾ. ನಿನ್ನ ಕಾರಣದಲ್ಲಿ ಅರುವತ್ತು ಜನರಿಗೆ ಉಪ್ಪು ಎಷ್ಟು ಅಂತ ಬರೆದದ್ದುಂಟಾ?”

ಅಡಿಗೆಯ ಆಳುಗಳು ನಕ್ಕರು. ನಾನು ಅಲ್ಲಿಗೇ ಬಿಟ್ಟು ಮೇಲೆ ಹೋಗಬಹುದಿತ್ತು. ಆದರೆ ಬಾಗಿಲಲ್ಲಿ ಅಪ್ಪಯ್ಯ ನಿಂತಿದ್ದರು, ಮಗಳ ವಿದ್ಯೆಯನ್ನು ಕಣ್ಣಾರೆ ನೋಡುವ ಅವಕಾಶ ಅವರಿಗೆ ಅಪರೂಪ.

“ಭಟ್ರೆ, ಅವಳು ಕಾಲೇಜಿನಲ್ಲಿ ಅದನ್ನೇ ಓದುವುದು. ಅವಳು ಹೇಳಿದ ಹಾಗೆ ಮಾಡಿ. ಅಡ್ಯಾರಿನವರು ತಿಳಿದ ಜನ, ವಿಟಮಿನ್ ಅಂದ್ರೆ ಮೆಚ್ಚಿಕೊಳ್ತಾರೆ.”

ಭಟ್ಟರು ಪಾತ್ರೆಯನ್ನು ಒಲೆಯಿಂದ ಇಳಿಸಿದರು. “ಯಜಮಾನ್ರು ಹೇಳಿದ ಮೇಲೆ ಆಯ್ತು. ನಾನು ಹೇಳುವುದು ಹೇಳಿದ್ದೇನೆ.”

ನಸುಕಿನಲ್ಲಿ ಕಲಸಿದ ಗೊಜ್ಜು, ವ್ಯಾನು ಹತ್ತಿ ಅಡ್ಯಾರು ಮುಟ್ಟಿ ಎಲೆಗೆ ಬಿದ್ದದ್ದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಗಟ್ಟಿ ಮೊಸರು ನೀರುನೀರಾಗಿ ಎಲೆಯ ಮೇಲೆ ಹರಿದು ಪಲ್ಯಕ್ಕೆ ನುಗ್ಗುತ್ತಿತ್ತು. ನೆರೆಮನೆಯ ತಮಿಳು ಹಿರಿಯರೊಬ್ಬರು ಒಂದು ತುತ್ತು ಬಾಯಿಗಿಟ್ಟು, “ಎನ್ನ ಇದು, ಕಸಕ್ಕುದೇ” ಎಂದು ಮುಖ ಹಿಂಡಿದರು. ಪಂಕ್ತಿಯ ಈ ತುದಿಯಿಂದ ಆ ತುದಿವರೆಗೆ ಎಲ್ಲರಿಗೂ ಕಹಿ. ನನಗೂ ಕಹಿ. ನನ್ನ ತಲೆಯಲ್ಲಿ ಕೂಡಲೇ ಚಿಂತೆಗಳು ಸಾಲುಗಟ್ಟಿದವು: ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿರಬೇಕು, ಈ ಅರುವತ್ತೂ ಜನ ರಾತ್ರಿಯೊಳಗೆ ಆಸ್ಪತ್ರೆ ಸೇರುತ್ತಾರೆ, ಅಪ್ಪಯ್ಯ ಜೈಲಿಗೆ ಹೋಗುತ್ತಾರೆ. ಅನಾನಸೊಂದನ್ನು ಬಿಟ್ಟು ಉಳಿದ ಎಲ್ಲದರ ಮೇಲೂ ನನಗೆ ಸಂಶಯ ಬಂತು.

ಮನೆಯಾಕೆ ಕೈತೊಳೆಯುವ ಜಾಗಕ್ಕೆ ಬಂದು ಅಪ್ಪಯ್ಯನನ್ನು ಕೇಳಿದರು, “ನಿಮ್ಮ ಭಟ್ರಿಗೆ ವಯಸ್ಸಾಯ್ತಾ?” ಸುತ್ತ ಒದ್ದೆ ಕೈಯ ಹತ್ತು ಮಂದಿ ಹೋಟೆಲಿನವರು ನಿಂತಿದ್ದರು. ಅಪ್ಪಯ್ಯ ಒಂದು ಕ್ಷಣ ನನ್ನ ಕಡೆ ನೋಡಿದರು.

“ಕೈಗುಣ ಹೋಯ್ತು ಅವರದ್ದು. ಸ್ವಲ್ಪ ದಿನದಿಂದ ನೋಡ್ತಾ ಇದ್ದೇನೆ.”

ನಾನು ಬಾಯಿ ತೆರೆಯಲಿಲ್ಲ. ಆ ವಾರವೇ ಭಟ್ಟರು ಟ್ರಂಕು ಹಿಡಿದು ಹೊರಟರು. “ಬೇಯಿಸ್ಬೇಕು ಅಂತ ಹೇಳಿದ್ದೆ” ಎಂದು ಒಂದೇ ಸಲ ಹೇಳಿದರು. “ಹೇಳಿದ್ರಿ, ಆದ್ರೆ ಕಲಸಿದ್ದು ಯಾರ ಕೈ?” ಎಂದರು ಅಪ್ಪಯ್ಯ. ಇಪ್ಪತ್ತು ವರ್ಷ ಆ ಕೈಯ ಅನ್ನ ಉಂಡು ಹೋಟೆಲು ಬೆಳೆಸಿದವರ ಬಾಯಲ್ಲಿ ಬಂದ ಮಾತು ಇದು.

ಕಾಲೇಜು ಮತ್ತೆ ಶುರುವಾಯಿತು. ನಮ್ಮ ಮೇಡಂ ಹಲಗೆಯ ಮೇಲೆ ಒಂದು ಸರ ಬರೆದರು. ಪ್ರೋಟೀನೆಂದರೆ ಮಣಿ ಪೋಣಿಸಿದ ಉದ್ದದ ಸರ, ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ. ಸರ ಉದ್ದಕ್ಕೆ ಬಿದ್ದುಕೊಂಡಿರುವುದಿಲ್ಲ, ಮಡಿಚಿ ಸುತ್ತಿ ತನ್ನದೇ ಒಂದು ಆಕಾರದಲ್ಲಿ ಇರುತ್ತದೆ. ಅದು ಮಾಡುವ ಕೆಲಸವೆಲ್ಲ ಆ ಆಕಾರದಿಂದ. ಎನ್‌ಜೈಮೂ ಇಂಥದೇ ಪ್ರೋಟೀನು. ಅದೊಂದು ಕತ್ತರಿ, ಆದರೆ ಒಂದು ಕತ್ತರಿ ಒಂದೇ ಬಗೆಯ ಬಟ್ಟೆ ಕತ್ತರಿಸುತ್ತದೆ. ನಮ್ಮ ಜೊಲ್ಲಿನಲ್ಲಿರುವುದು ಅನ್ನದ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ, ಅನ್ನ ತುಂಬ ಹೊತ್ತು ಜಗಿದರೆ ಸಿಹಿಯಾಗುವುದು ಅದಕ್ಕೆ. ಬೇಳೆಯ ಪ್ರೋಟೀನನ್ನು ಅದು ಮುಟ್ಟಿಯೂ ನೋಡುವುದಿಲ್ಲ. ಕೆಲಸ ಮಾಡಿ ಕತ್ತರಿ ಸವೆಯುವುದಿಲ್ಲವಾದ್ದರಿಂದ ಚಮಚೆಯಷ್ಟಿದ್ದರೂ ಹಂಡೆಗೆ ಸಾಕು. ಬಿಸಿ ತಾಗಿದರೆ ಮಾತ್ರ ಮಡಿಕೆ ಬಿಚ್ಚಿ ಆಕಾರ ಕೆಟ್ಟು ಕತ್ತರಿ ಕೆಲಸಕ್ಕೆ ಬಾರದಾಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಯನ್ನು ಅವರು ಉದಾಹರಣೆ ಕೊಟ್ಟಾಗ ಅರ್ಧ ಕ್ಲಾಸು ಮೂಗು ಮುಚ್ಚಿಕೊಂಡಿತು.

“ಸರಿ, ಮೊಟ್ಟೆ ನೋಡದವರಿಗೆ ಇನ್ನೊಂದು,” ಎಂದರು ಮೇಡಂ. “ಹಸಿ ಅನಾನಸಿನಲ್ಲಿ ಪ್ರೋಟೀನನ್ನು ಕತ್ತರಿಸುವ ಎನ್‌ಜೈಮಿದೆ. ಹಾಲಿಗೋ ಮೊಸರಿಗೋ ಹಾಕಿಟ್ಟು ನೋಡಿ. ಅದರ ಪ್ರೋಟೀನು ತುಂಡಾಗಿ ಮೊಸರು ನೀರಾಗುತ್ತದೆ, ಆ ಚೂರುಗಳು ಕಹಿ. ಹಣ್ಣನ್ನು ಮೊದಲೇ ಬೇಯಿಸಿದರೆ ಏನೂ ಆಗುವುದಿಲ್ಲ.”

ನನ್ನ ನೋಟ್ಸು ಅಲ್ಲಿಗೆ ನಿಂತಿದೆ. ಆ ಪುಸ್ತಕ ಈಗಲೂ ಇದೆ, ಮುಂದಿನ ಅರ್ಧ ಪುಟ ಖಾಲಿ.

ಆ ಭಾನುವಾರ ಎರಡು ಲೋಟದಲ್ಲಿ ಮೊಸರಿಟ್ಟೆ. ಒಂದಕ್ಕೆ ಹಸಿ ಅನಾನಸಿನ ರಸ, ಇನ್ನೊಂದಕ್ಕೆ ಕುದಿಸಿ ಆರಿಸಿದ್ದು. ಬೆಳಿಗ್ಗೆ ಇಟ್ಟದ್ದನ್ನು ಮಧ್ಯಾಹ್ನದ ಮೇಲೆ ಅಪ್ಪಯ್ಯನ ಮುಂದಿಟ್ಟೆ. ಅವರು ಎರಡನ್ನೂ ರುಚಿ ನೋಡಿದರು, ಎರಡನೆಯದನ್ನು ಇನ್ನೊಮ್ಮೆ ನೋಡಿದರು. ಹೋಟೆಲಿನವರ ನಾಲಿಗೆ, ಅವರಿಗೆ ವಿವರಿಸಬೇಕಾಗಿರಲಿಲ್ಲ.

“ಅಂದ್ರೆ ಭಟ್ರ ತಪ್ಪಲ್ಲ.”

“ನನ್ನದು. ನಿಮ್ಮದೂ.”

“ಮೆಲ್ಲಗೆ ಮಾತಾಡು.” ಲೋಟ ಕೆಳಗಿಟ್ಟರು. “ಈಗೆಂತ, ನಾನು ಹೋಟ್ಲು ಹೋಟ್ಲು ತಿರುಗಿ ನನ್ನ ಮಗಳು ಮಾಡಿಸಿದ್ದು ಅಂತ ಡಂಗುರ ಹೊಡಿಬೇಕಾ? ನಿನಗೆ ಗಂಡು ನೋಡ್ತಿದ್ದೇನೆ. ಒಂದು ಸಲ ಅಡಿಗೆಮನೆಗೆ ಇಳಿದು ಅರುವತ್ತು ಎಲೆ ಕಹಿ ಮಾಡಿದ ಹುಡುಗಿ ಅಂದ್ರೆ ಯಾರು ಬರ್ತಾರೆ? ಭಟ್ರಿಗೆ ಮದುವೆ ಆಗ್ಬೇಕಾ?”

ಅಡ್ಯಾರಿನಲ್ಲಿ ಅಪ್ಪಯ್ಯ ನನ್ನ ಕಡೆ ಯಾಕೆ ನೋಡಿದರೆಂದು ಆಗ ತಿಳಿಯಿತು. ಅದು ಕೋಪದಲ್ಲಿ ಬಾಯಿತಪ್ಪಿ ಬಂದ ಮಾತಾಗಿರಲಿಲ್ಲ. ನನ್ನ ಕೈಗುಣ ಉಳಿಸಲಿಕ್ಕೆ ಭಟ್ಟರ ಕೈಯನ್ನು ಕಡಿದದ್ದು. ಈ ಪ್ರೀತಿಗೆ ನಾನು ಏನೆಂದು ಹೆಸರಿಡಲಿ? ಇವತ್ತಿಗೂ ಗೊತ್ತಿಲ್ಲ, ಸಿಟ್ಟು ಮಾತ್ರ ಬರುತ್ತದೆ.

ಭಟ್ಟರು ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಹಿತ್ತಲಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದರು. ಬಸ್ಸಿನಲ್ಲಿ ಹೋಗುವಾಗ ಉದ್ದಕ್ಕೂ ನಾನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದೆ: ಸರ, ಮಣಿ, ಮಡಿಕೆ, ಕತ್ತರಿ. ದೇವರ ಪ್ರಸಾದ ತಂದವಳ ಹಾಗೆ ಅವರ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಎಲ್ಲ ಒಪ್ಪಿಸಿದೆ. ಅವರು ಕೈ ನಿಲ್ಲಿಸದೆ ಕೇಳಿದರು.

“ಬೇಯಿಸ್ಬೇಕು ಅಂತ ನನಗೆ ಗೊತ್ತಿತ್ತಲ್ಲ ಮಗಾ. ಗೊತ್ತಿಲ್ಲದೇ ಇದ್ದದ್ದು ನಿನಗೆ.”

“ಅದಕ್ಕೇ ಕಾರಣ ಹೇಳ್ಲಿಕ್ಕೆ ಬಂದೆ ಭಟ್ರೆ.”

“ಕಾರಣ ನನಗೆ ಯಾಕೆ? ಅದನ್ನು ತಿಂದು ನಾನು ಬದುಕ್ಲಿಕ್ಕಾಗ್ತದಾ?” ಬೆಂಡೆಯ ತೊಟ್ಟನ್ನು ಬುಟ್ಟಿಗೆ ಎಸೆದರು. “ನಿನ್ನ ಅಪ್ಪಯ್ಯ ಹತ್ತು ಜನ ಹೋಟ್ಲಿನವರ ಎದುರು ನನ್ನ ಕೈ ಹೋಯ್ತು ಅಂತ ಹೇಳಿದ್ದು. ನೀನು ಹಿತ್ತಲಿಗೆ ಬಂದು ಕಿವಿಯಲ್ಲಿ ಹೇಳ್ತಿದ್ದಿ. ಹೋಗು, ಬಿಸಿಲು ಏರ್ತದೆ.”

ನಾನು ಮನೆಗೆ ಹೋಗಲಿಲ್ಲ. ಹೋದರೆ ಯೋಚನೆ ಮಾಡುತ್ತೇನೆ, ಯೋಚನೆ ಮಾಡಿದರೆ ಹೆದರುತ್ತೇನೆ ಎಂದು ಗೊತ್ತಿತ್ತು. ನೇರ ಅಡ್ಯಾರಿನ ಬಸ್ಸು ಹತ್ತಿದೆ. ಆಫೀಸರ ಹೆಂಡತಿ ಮುಂದಿನ ಕೋಣೆಯಲ್ಲಿ ಕೂರಿಸಿ, ನಾನು ಹೇಳಿದ್ದನ್ನೆಲ್ಲ ತಲೆ ಓರೆ ಮಾಡಿ ಕೇಳಿ, ಕೊನೆಗೆ ಗಂಡನನ್ನು ಕರೆದರು.

“ಕೇಳಿದ್ರಾ, ಆ ಭಟ್ಟನ ತಪ್ಪನ್ನು ಈ ಹುಡುಗಿ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾಳೆ. ಎಂಥಾ ಮನಸ್ಸು ನೋಡಿ.”

“ಇಲ್ಲ ಮಾಮಿ, ನಿಜವಾಗಿ ನನ್ನದೇ—”

“ಗೊತ್ತಾಯ್ತಮ್ಮ, ಗೊತ್ತಾಯ್ತು. ವಯಸ್ಸಾದವರ ಮೇಲೆ ಇಷ್ಟು ಕರುಣೆ ಇರೋದು ಈಗಿನ ಕಾಲದಲ್ಲಿ ಎಲ್ಲಿ ಉಂಟು? ನಿನ್ನ ಜಾತಕ ಮನೆಯಲ್ಲಿ ಇದೆಯಾ? ನನ್ನ ಅಕ್ಕನ ಮಗ ಒಬ್ಬ ರೈಲ್ವೆಯಲ್ಲಿದ್ದಾನೆ.”

ಸತ್ಯ ಹೇಳಿ ನಾನು ಇನ್ನಷ್ಟು ಒಳ್ಳೆಯವಳಾದೆ. ಭಟ್ಟರು ಇನ್ನಷ್ಟು ಮುದುಕರಾದರು. ಆಕೆ ಕೊಟ್ಟ ಕೋಡುಬಳೆಯನ್ನು ಅಲ್ಲಿಯೇ ಬಿಟ್ಟು ಬಂದೆ, ನನ್ನ ಜೀವನದಲ್ಲಿ ತಿಂಡಿ ಬಿಟ್ಟು ಎದ್ದದ್ದು ಅದೊಂದೇ ಸಲ.

ಮರುದಿನವೂ ಅಲ್ಲ, ಅದರ ಮರುದಿನವೂ ಅಲ್ಲ. ಮುಂದಿನ ಭಾನುವಾರದ ತನಕ ನಾನು ಹೆದರಿಕೊಂಡೇ ಇದ್ದೆ. ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಸುತ್ತಲಿನ ಹೋಟೆಲಿನವರೂ ಬರುತ್ತಿದ್ದರು, ತಮ್ಮ ಅಡಿಗೆ ತಿಂದು ಬೇಸತ್ತು. ಮನೆಯ ಹೆಣ್ಣುಮಕ್ಕಳು ಊಟದ ಹೊತ್ತಿಗೆ ಆ ಊಟದ ಕೋಣೆಗೆ ಕಾಲಿಡುವ ಪದ್ಧತಿಯೇ ಇರಲಿಲ್ಲ. ನಾನು ಮೆಟ್ಟಿಲಿಳಿದು ಅಪ್ಪಯ್ಯನ ಗಲ್ಲಾದ ಪಕ್ಕ ನಿಂತೆ. ಅದರ ಅಂಚನ್ನು ಹಿಡಿದುಕೊಂಡೆ.

“ಅಡ್ಯಾರಿನ ಗೃಹಪ್ರವೇಶದಲ್ಲಿ ಗೊಜ್ಜು ಕಹಿಯಾದದ್ದು ಭಟ್ರ ಕೈಯಿಂದ ಅಲ್ಲ. ಹಸಿ ಅನಾನಸು ಮೊಸರನ್ನು ಕಹಿ ಮಾಡ್ತದೆ. ಬೇಯಿಸ್ಲೇಬೇಕು ಅಂತ ಅವರು ಹೇಳಿದ್ರು. ಬೇಡ ಅಂತ ಹೇಳಿದ್ದು ನಾನು. ಹಾಗೇ ಮಾಡಿ ಅಂತ ಹೇಳಿದ್ದು ಅಪ್ಪಯ್ಯ.”

ತಮಿಳಿನಲ್ಲಿ ಮತ್ತೊಮ್ಮೆ ಹೇಳಿದೆ. ಮೊದಲ ಸಲಕ್ಕೆ ಯಾರೂ ನಂಬದಿದ್ದರೆ ಎಂಬ ಚಿಂತೆ.

ಕೈಗಳು ಎಲೆಯ ಮೇಲೆ ನಿಂತವು. ಮೂಲೆಯಲ್ಲಿದ್ದವರೊಬ್ಬರು ಬಡಿಸುವವನಿಗೆ ಮೆಲ್ಲಗೆ “ರಸಂ ಕೊಂಜಂ” ಎಂದು ಸ್ವಲ್ಪ ಸಾರು ಕೇಳಿದರು. ಇನ್ನೊಬ್ಬರು ಕೇಳಿದರು, “ಅಂದ್ರೆ ಇವತ್ತು ಗೊಜ್ಜು ಉಂಟಾ ಇಲ್ವಾ?”

ಆಗ ಸಾರಿನ ಬಕೆಟ್ಟು ಹಿಡಿದಿದ್ದ ನಮ್ಮ ಹಳೆಯ ಬಡಿಸುವವನು ಬಾಯಿ ಬಿಟ್ಟ. “ಇವರು ಹೇಳುವುದು ಹೌದು. ಹಸಿ ಹಾಕುವ ಕ್ರಮ ಇಲ್ಲ ಅಂತ ಭಟ್ರು ಹೇಳಿದ್ದು ನಾನೂ ಕೇಳಿದ್ದೇನೆ. ಅಡಿಗೆಮನೆಯಲ್ಲಿದ್ದ ಎಲ್ಲರೂ ಕೇಳಿದ್ದಾರೆ.”

ಎಲ್ಲರೂ ಕೇಳಿದ್ದರು. ಅಷ್ಟು ಜನ ಬಾಯಿಗೆ ಬೀಗ ಹಾಕಿಕೊಂಡು ದಿನವೂ ಅನ್ನ ಬಡಿಸಿದ್ದರು. ನನ್ನ ಹಾಗೆಯೇ.

ಅಪ್ಪಯ್ಯ ಎದ್ದು ನಿಂತರು. ಗದರಲಿಲ್ಲ. “ಹೇಳಿ ಆಯ್ತಾ? ಮೇಲೆ ಹೋಗು,” ಎಂದರು. ಆ ಮೇಲೆ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳುತ್ತಿದ್ದರು. ರೈಲ್ವೆಯ ಹುಡುಗನ ಜಾತಕಕ್ಕೆ ನನ್ನ ಜಾತಕ ಕೂಡಿಬರಲಿಲ್ಲವೆಂದು ಅಡ್ಯಾರಿನಿಂದ ಕಾರ್ಡು ಬಂತು.

ಸುದ್ದಿ ಸಂಜೆಯೊಳಗೆ ತಿರುವಲ್ಲಿಕ್ಕೇಣಿ ಮುಟ್ಟಿತ್ತು. ಮುಟ್ಟುವಾಗ ನಾನು ಗಲ್ಲಾದ ಮೇಲೆ ಹತ್ತಿ ನಿಂತಿದ್ದೆ ಎಂದಾಗಿತ್ತಂತೆ. ಅಪ್ಪಯ್ಯ ಮೆತ್ತಗೆ ಒಬ್ಬನನ್ನು ಕಳಿಸಿ ವಾಪಸು ಬರಲು ಹೇಳಿಸಿದರು, ಭಟ್ಟರು ಬರಲಿಲ್ಲ. ಹದಿನೈದು ದಿನದ ಮೇಲೆ ಮೈಲಾಪುರದ ಒಬ್ಬ ಹೋಟೆಲಿನವರು ಅವರನ್ನು ಒಲೆಗೆ ಕರೆದರು. ಕರೆಯುವ ಮೊದಲು, ಕೈ ಸರಿ ಉಂಟೋ ನೋಡೋಣ ಎಂದು, ಒಂದು ಸೇರು ಅಕ್ಕಿಯ ಚಿತ್ರಾನ್ನ ಮಾಡಿಸಿ ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು ತಿಂದರಂತೆ. ಕೂದಲು ನರೆಯುವ ತನಕ ಒಲೆಯ ಮುಂದೆ ನಿಂತವರು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಇದನ್ನು ನನಗೆ ಹೇಳಿದ್ದು ನಮ್ಮ ಬಡಿಸುವವನು. ಭಟ್ಟರು ಹೇಳಿ ಕಳಿಸಲಿಲ್ಲ, ಹೇಳಿ ಕಳಿಸಬೇಕಾದ ಋಣ ಅವರಿಗೆ ಯಾವುದೂ ಇರಲಿಲ್ಲ.

ಚಿತ್ರಾನ್ನ ಚೆನ್ನಾಗಿತ್ತಂತೆ. ಪಾಸು ಮಾಡಿದರಂತೆ.